ಅವರೆ ಹುಳದ ಬುತ್ತಿ

ಮೆಣಸಿನ ಕಾಳಿನಷ್ಟು ದಪ್ಪದ, ಮುಟ್ಟಿದರೆ ಕೈ ನಾರುವ ಒಂದು ದುಂಡು ಹುಳ ಅವರೆ ಗಿಡಕ್ಕೆ ಬೀಳುತ್ತದೆ. ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ನಾನು ಅದರ ಹಿಂದೆ ಬಿದ್ದು ಜೀರಹಳ್ಳಿ ಸೇರಿದೆ. ಇಷ್ಟು ಓದಿ ಹುಳ ಹಿಡಿಯಲು ಬಂದವಳಿಗೆ ಕೋಣೆ ಕೊಟ್ಟವರು ಒಬ್ಬ ರೈತ ಹೆಂಗಸು. ನಾನು ಅವರನ್ನು ಅವ್ವ ಎನ್ನುತ್ತಿದ್ದೆ. ಅವ್ವನ ಹೊಲದಲ್ಲಿ ಹುಳವೇ ಇರುತ್ತಿರಲಿಲ್ಲ. ಬೆಳಗ್ಗೆದ್ದು ಸಾಲು ಹಿಡಿದು ಹೋಗಿ ಎರಡು ಬೆರಳಲ್ಲಿ ಹಿಸುಕಿ ಹಾಕುತ್ತಿದ್ದರು. ಪಕ್ಕದ ಹೊಲದವನು ಸೋಮಾರಿ, ಅವನ ಹುಳವೆಲ್ಲ ನಮಗೆ ಬರುತ್ತದೆ ಎಂದು ಜಗಳವಾಡಿ ಅವನೊಡನೆ ಮಾತು ಬಿಟ್ಟಿದ್ದರು.

ಈ ಹುಳದ ಹೊಟ್ಟೆಯಲ್ಲೊಂದು ಬ್ಯಾಕ್ಟೀರಿಯಾ ಇದೆ. ಅದಿಲ್ಲದೆ ಹುಳ ಬದುಕದು, ಹುಳವಿಲ್ಲದೆ ಅದೂ ಬದುಕದು. ತಾಯಿಹುಳ ಮೊಟ್ಟೆಯಿಡುವಾಗ ಕೆಳಗೆ ಕಂದು ಬಣ್ಣದ ಪುಟ್ಟ ಗುಳಿಗೆಗಳನ್ನೂ ಇಟ್ಟು ಹೋಗುತ್ತದೆ, ಒಳಗೆಲ್ಲ ಆ ಬ್ಯಾಕ್ಟೀರಿಯಾ. ಮರಿ ಹೊರಬಂದ ಕೂಡಲೇ ಅದನ್ನು ಹೀರಬೇಕು. ಎರಡರ ವಂಶವೂ ಹೀಗೆ ಜೊತೆಜೊತೆಗೇ ಸಾಗಿ ಬಂದಿದೆಯೇ ಎಂದು ವಂಶವಾಹಿಗಳಲ್ಲಿ ಹುಡುಕುವುದು ನನ್ನ ಸಂಶೋಧನೆ. ಅದಕ್ಕೂ ಮೊದಲು, ಗುಳಿಗೆ ಸಿಗದ ಮರಿಗಳು ಸಾಯುತ್ತವೆ ಎಂದು ತೋರಿಸಬೇಕಿತ್ತು. ಮೊಟ್ಟೆಗಳನ್ನು ಸಿಹಿ ಅಂಗಡಿಯ ಪ್ಲಾಸ್ಟಿಕ್ ಡಬ್ಬಿಗಳಲ್ಲಿಟ್ಟು, ಅರ್ಧದಷ್ಟು ಡಬ್ಬಿಗಳಿಂದ ಗುಳಿಗೆ ತೆಗೆದುಬಿಟ್ಟೆ. ಅವರೆ ಕಾಲ ಮುಗಿಯುವುದರಲ್ಲಿತ್ತು. ಈ ಸಲ ಫಲಿತಾಂಶ ಬರದಿದ್ದರೆ ಪಿಎಚ್‌ಡಿ ಇನ್ನೊಂದು ವರ್ಷ ಮುಂದಕ್ಕೆ ಎಂದು ನನ್ನ ಮೇಷ್ಟ್ರು ಗದರಿಸಿದ್ದರು.

ಗುಳಿಗೆ ತೋರಿಸಿ ಇದೇನೆಂದು ಅವ್ವ ಕೇಳಿದಾಗ, ತಾಯಿ ಮಕ್ಕಳಿಗೆ ಕಟ್ಟಿಟ್ಟ ಬುತ್ತಿ ಎಂದು ಬಿಡಿಸಿ ಹೇಳಿದೆ. ಈ ಬಾಯಿಗೆ ಬೀಗ ಹಾಕಬೇಕಿತ್ತು. ಮೇಷ್ಟ್ರಿಗೆ ಫೋನ್ ಮಾಡಲು ಹಾಸನೂರಿಗೆ ಹೋಗಿ ಬರುವಷ್ಟರಲ್ಲಿ ಬುತ್ತಿಯಿಲ್ಲದ ಡಬ್ಬಿಗಳೆಲ್ಲ ಖಾಲಿ. ಆಗಷ್ಟೇ ಮೊಟ್ಟೆಯೊಡೆದು ಬಂದ ಮರಿಗಳನ್ನು ಕೋಳಿ ಪುಕ್ಕದಲ್ಲಿ ಗುಡಿಸಿ ಬುತ್ತಿಯಿದ್ದ ಡಬ್ಬಿಗಳಿಗೆ ಸೇರಿಸಿ, ಅವ್ವ ಜಗಲಿಯಲ್ಲಿ ಕೂತು ಎಲೆಯಡಿಕೆ ಮೆಲ್ಲುತ್ತಿದ್ದರು. ಯಾವ ಮರಿ ಯಾವುದೆಂದು ಇನ್ನು ಬ್ರಹ್ಮನಿಗೂ ತಿಳಿಯದು. ನನಗೆ ಸಿಟ್ಟು ನೆತ್ತಿಗೇರಿತು. ಹೊಲದಲ್ಲಿ ಇದೇ ಹುಳವನ್ನು ಹಿಸುಕುವವರು ನೀವೇ ಅಲ್ಲವೇ ಎಂದು ಕೂಗಾಡಿದೆ.

"ಒಲದಲ್ಲಿದ್ರ ಉಳ ಕಣವ್ವ. ಒಸ್ಲು ದಾಟಿ ಒಳಗ ಬಂದ್ಮ್ಯಾಲ ಮಕ್ಳು. ನಮ್ ಮನಲಿ ಯಾರ್ನೂವಿ ಅಸ್ದ್ ಒಟ್ಟಲಿ ಮಲಗುಸಾದಿಲ್ಲ," ಎಂದರು.

ತಾಯಿಗೆ ಹಾಲಿಲ್ಲದಿದ್ದರೆ ಕೂಸನ್ನು ಎದುರುಮನೆ ಬಾಣಂತಿಯ ಮಡಿಲಿಗೆ ಹಾಕುವುದು ಅವರ ಬೀದಿಯ ಪದ್ಧತಿಯಂತೆ. ಅವರ ಮಗನೇ ಹಾಗೆ ಬೆಳೆದವನಂತೆ. ಹಾಗಾದರೆ ನನಗೂ ಊಟ ಬೇಡ ಎಂದು ಕೋಣೆ ಸೇರಿ ಚಿಲಕ ಹಾಕಿಕೊಂಡೆ. ಇದು ನಾಟಿತು. ಬಾಗಿಲು ತಟ್ಟಿ ತಟ್ಟಿ ಸಾಕಾಗಿ, ನಿನಗೆ ಮೊಟ್ಟೆ ತಾನೇ ಬೇಕು, ನಾಳೆ ಕೊಡಿಸುತ್ತೇನೆ, ಮೊದಲು ಉಣ್ಣು ಎಂದರು.

ಆದರೆ ಅವ್ವನ ಹೊಲದಲ್ಲಿ ಹುಳವೆಲ್ಲಿ? ಮರುದಿನ ಸೆರಗು ಹೊದ್ದು, ಮಾತು ಬಿಟ್ಟಿದ್ದವನ ಬಾಗಿಲಲ್ಲಿ ನಿಂತು, ಒಂದಿಷ್ಟು ಹುಳದ ಮೊಟ್ಟೆ ಬೇಕಿತ್ತು ಎಂದು ಕೇಳಿದರು. ಆತ ಸುಮ್ಮನೆ ಕೊಟ್ಟಾನೆಯೇ? ಕೂರಿಸಿ, ಕಾಫಿ ಕೊಟ್ಟು, ಎಂಥ ಹುಳದ್ದು, ಎಷ್ಟು ಬೇಕು, ಈ ಸಲ ನಿಮ್ಮಲ್ಲಿ ಹುಳ ಬೆಳೆಯಲಿಲ್ಲವೇ ಎಂದೆಲ್ಲ ವಿಚಾರಿಸಿ ಆಮೇಲೆ ಹೊಲಕ್ಕೆ ಬಿಟ್ಟ. ಅವ್ವ ಹಲ್ಲು ಕಚ್ಚಿಕೊಂಡು, ಒಂದನ್ನೂ ಹಿಸುಕದೆ, ಎಲೆ ಸಮೇತ ಮೊಟ್ಟೆ ಕಿತ್ತುಕೊಟ್ಟರು.

ಈ ಸಲ ಕೋಣೆಗೆ ಬೀಗ ಬಿತ್ತು. ಬುತ್ತಿ ಹೀರಿದ ಮರಿಗಳು ಗುಂಪಾಗಿ ನೆಮ್ಮದಿಯಿಂದ ಕೂತವು. ಬುತ್ತಿ ಸಿಗದವು ಕೂರಲೇ ಇಲ್ಲ, ಡಬ್ಬಿಯ ತುಂಬ ಹುಡುಕಾಡಿದವು. ಹುಡುಕಿ ಹುಡುಕಿ ಕೆಲವು ದಿನಗಳಲ್ಲಿ ಎಲ್ಲ ಬಿದ್ದುಹೋದವು. ನಾನು ಎಣಿಸಿದ್ದಂತೆಯೇ ಆಗಿತ್ತು. ಪಿಎಚ್‌ಡಿ ಉಳಿಯಿತೆಂದು ಕುಣಿಯುತ್ತ ಅಡುಗೆಮನೆಗೆ ಓಡಿದೆ. ಅವ್ವ ಬಾಗಿಲಲ್ಲೇ ಕೈ ಅಡ್ಡ ಹಿಡಿದರು.

"ಮರಿಗಳೆಲ್ಲ ಓದ್ವಾ?"

ಹೂಂ ಎಂದೆ.

"ಬಚ್ಚಲಲಿ ನೀರ ಕಾಯ್ಸಿವ್ನಿ. ತಲಗ ಉಯ್ಕಂಡು ಒಳಗ ಬಾ. ಮಕ್ಳು ಸತ್ತ ಮನ ಕಣವ್ವ."

ನನಗೆ ನಗು ತಡೆಯಲಾಗಲಿಲ್ಲ. ಮೊದಲ ಚೊಂಬು ನೀರು ಸುರಿದುಕೊಳ್ಳುವಾಗಲೂ ನಗುತ್ತಲೇ ಇದ್ದೆ. ಎರಡನೆಯ ಚೊಂಬಿಗೆ, ಆ ಮರಿಗಳು ಹುಡುಕಾಡಿದ್ದು ಕಣ್ಣಿಗೆ ಕಟ್ಟಿ, ಅಳು ಬಂತು.