ಮಂಜಿನಲ್ಲಿ ನಿಂತ ಹಸುಗಳು

ನಾಗಮಣಿ ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್. ಹುಟ್ಟಿದ್ದು ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ. ಅವಳ ಅವ್ವ ಚಿಕ್ಕನಂಜಮ್ಮ ಈಗಲೂ ಅಲ್ಲಿ ಮಗನ ಸಂಸಾರದ ಜೊತೆಗಿದ್ದು, ಸೀಮೆಹಸು ಸಾಕಿ ಡೇರಿಗೆ ಹಾಲು ಹಾಕುತ್ತಾಳೆ.

ಒಂದು ಬೇಸಿಗೆ ರಜೆಯಲ್ಲಿ ನೆದರ್ಲೆಂಡ್ಸಿನ ಸಣ್ಣ ಊರೊಂದರ ಕಲಾವಿದರು ಅಲ್ಲಿದ್ದು ಚಿತ್ರ ಬರೆಯಲೆಂದು ನಾಗಮಣಿಯನ್ನು ಕರೆಸಿಕೊಂಡರು. ಇರಲು ಕೊಟ್ಟ ಕೋಣೆಯ ಎದುರಿಗೇ ವಾಲ್ ಎಂಬ ನದಿ. ಬಂಡೆಯಿಲ್ಲ, ಮಡುವಿಲ್ಲ, ಸದ್ದೂ ಇಲ್ಲ. ಶಿಂಷೆಯನ್ನು ನೋಡಿ ಬೆಳೆದವಳಿಗೆ ಅದು ನದಿಯೆಂದೇ ಅನ್ನಿಸಲಿಲ್ಲ. ನೆಲವೆಲ್ಲ ಚಪ್ಪಟೆ, ಮಿಕ್ಕದ್ದು ಬರೀ ಆಕಾಶ. ದಿನವೂ ಏರಿಯ ಮೇಲೆ ಕೂತು ಬರೆದಳು, ಹರಿದಳು. ಗಾಳಿಯಂತ್ರವನ್ನಾದರೂ ಬರೆಯೋಣವೆಂದರೆ ಅದು ಬಿಸ್ಕತ್ತಿನ ಡಬ್ಬದ ಮೇಲಿನ ಚಿತ್ರದಂತಾಯಿತು.

ಒಂದು ಮುಂಜಾನೆ ದಟ್ಟವಾಗಿ ಮಂಜು ಕವಿದಿತ್ತು. ಆಚೆ ದಡದಲ್ಲಿ ಕಪ್ಪು ಮಚ್ಚೆಗಳು ತೇಲುತ್ತಿದ್ದವು. ದೋಣಿಗಳೋ ಪೊದೆಗಳೋ ಎಂದು ನೋಡುತ್ತಿರುವಾಗ ಒಂದು ಮಚ್ಚೆ ಅಂಬಾ ಎಂದಿತು. ಅವ್ವನ ಕೊಟ್ಟಿಗೆಯಲ್ಲಿರುವಂಥವೇ ಕಪ್ಪು ಬಿಳಿ ಹಸುಗಳು. ಮಂಜು ಅವುಗಳ ಬಿಳಿಯನ್ನೆಲ್ಲ ನುಂಗಿ ಕಪ್ಪನ್ನಷ್ಟೇ ಉಳಿಸಿತ್ತು. ನಾಗಮಣಿಗೆ ತಾನು ನಿಂತಿರುವುದು ಯಾವ ಊರಿನಲ್ಲಿ ಎಂಬುದೇ ಒಂದು ಗಳಿಗೆ ಮರೆತುಹೋಯಿತು. ಅಂದು ಬರೆದದ್ದನ್ನು ಹರಿಯಲಿಲ್ಲ: ಬೂದು ನೀರು, ಒಂದೆಳೆ ಹಸಿರು, ನಡುವೆ ಎತ್ತಲೂ ಹೋಗದ ಕಪ್ಪು ಮಚ್ಚೆಗಳು.

ಊರಿಗೆ ಮರಳಿದ ಮೇಲೂ ಅವಳ ಕೈಗೆ ಬರುತ್ತಿದ್ದುದು ಅದೇ ನದಿ. ಮಂಡ್ಯದಲ್ಲಿ ಪ್ರದರ್ಶನ ಇಟ್ಟಾಗ, ಬಂದವರು ಇದರಲ್ಲಿ ನೀರೆಲ್ಲಿ ಎಂದು ಕೇಳಿ, ಕಾಫಿ ಕುಡಿದು ಹೋದರು. ಚಿಕ್ಕನಂಜಮ್ಮ ಮಾತ್ರ ಆ ಮಂಜಿನ ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. ಅವು ಹಸುಗಳೆಂದು ಮಗಳು ಹೇಳಿದಳು.

"ಅಸ ಅಂತೀಯ, ಕಾಲೇ ಇಲ್ವಲ್ಲ ಮಗ?"

"ಮಂಜಲ್ಲಿ ಕಾಣ್ತಿರ್ನಿಲ್ಲ ಕಣವ್ವ."

"ನಿಂತಿದ್ದು ದಿಟ ತಾನೆ?"

ನಾಗಮಣಿಗೆ ನಗು ಬಂತು. ಕಾಲಿಲ್ಲದಿದ್ದರೂ ಆ ಚಿತ್ರ ತನಗೇ ಬೇಕೆಂದು ಹಟ ಮಾಡಿ, ಅವ್ವ ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಕೊಪ್ಪದ ಬಸ್ಸು ಹತ್ತಿದಳು.

ಈಗ ಭಾನುವಾರ ನಾಗಮಣಿ ಮದ್ದೂರಿಗೆ ಹೋಗಿ ಶಿಂಷೆಯ ದಡದಲ್ಲಿ ಕೂರುತ್ತಾಳೆ. ವಾಲ್ ಬರೆಯಲು ಹೊರಟರೆ ಬೂದು ಬಣ್ಣದೊಳಗೆ ಕೆಮ್ಮಣ್ಣು ಕರಗುತ್ತದೆ. ಶಿಂಷೆಯನ್ನು ಬರೆಯಹೋದರೆ ಆಕಾಶ ತಾನಾಗಿ ಕೆಳಗಿಳಿಯುತ್ತದೆ. ದಾರಿಹೋಕರು ಯಾವ ಹೊಳೆಯೆಂದು ಕೇಳಿದರೆ, ಬಣ್ಣ ಒಣಗಲಿ, ನೋಡೋಣ ಎನ್ನುತ್ತಾಳೆ.