ದೇವರಲ್ರೀ ಅದು

ಮುಂಬೈಯ ಮುಲುಂಡಿನ ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲಾರಿಗಳಿಗೆ ಹೊರಡುವ ಚೀಟಿ ಕೊಡುವ ಸಾಫ್ಟ್‌ವೇರ್ ಬರೆದವರು ವಿಜಯಪುರದ ಒಬ್ಬ ಹೆಂಗಸು. ಅದು ಹಳತಾಗಿ, ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಮುಟ್ಟಲು ಎಲ್ಲರಿಗೂ ಭಯ. ಬೆಳಗಾವಿ ಕಡೆಯ ಮಾಲೀಕರಂತೂ ಖಂಡೇನವಮಿಯ ಆಯುಧಪೂಜೆಗೆ ಆ ಕಂಪ್ಯೂಟರಿಗೆ ಹಾರ ಹಾಕಿ ಕೈ ಮುಗಿಯುತ್ತಿದ್ದರು. ಆಕೆ ಕನ್ನಡಕವನ್ನು ಹಣೆಗೇರಿಸಿ ಪ್ರತಿಸಲವೂ ಹೇಳುತ್ತಿದ್ದರು: "ದೇವರಲ್ರೀ ಅದು, ನಾ ಬರದದ್ದು."

ಕೊನೆಗೆ ಹೊಸದನ್ನೂ ಆಕೆಯೇ ಬರೆದು, ಹಳೆಯದರ ಜೊತೆಗೇ ತಿಂಗಳುಗಟ್ಟಲೆ ಓಡಿಸಿ ತಾಳೆ ನೋಡಿದರು. ಹಳೆಯದನ್ನು ನಿಲ್ಲಿಸಲು ಮಾಲೀಕರು ಆಗಲೂ ಒಪ್ಪಲಿಲ್ಲ. ಆ ಸಲದ ಖಂಡೇನವಮಿಗೆ ಅವರು ಹಾರ ಹಿಡಿದು ಬಂದಾಗ, ಆಕೆ ಅವರೆದುರೇ ಹಳೆಯ ಕಂಪ್ಯೂಟರಿನ ಸ್ವಿಚ್ ಆರಿಸಿದರು.

"ಲಾರಿ ನಿಂತ್ರ ಯಾರನ್ನ ಕೇಳ್ಲಿ, ಬಾಯಾರ?" ಎಂದರು ಮಾಲೀಕರು.

"ನನ್ನ ಕೇಳ್ರಿ. ಇಷ್ಟು ವರ್ಷ ಕೈ ಮುಗದ್ರಿ, ಅದೇನರ ಉತ್ತರ ಕೊಟ್ಟೈತೇನು?"

ಆಕೆ ಅವರ ಕೈಯಿಂದ ಹಾರ ತೆಗೆದುಕೊಂಡು, ಹೊಸ ಸಾಫ್ಟ್‌ವೇರಿನ ಚೀಟಿಯೊಂದಿಗೆ ಹೊರಟು ನಿಂತಿದ್ದ ಮೊದಲ ಲಾರಿಗೆ ಹಾಕಿದರು.