ಬೀಳದ ಚೈನು

ಹಾಳೆಯ ಕೆಳಗಿನ ಬಲಮೂಲೆಯಲ್ಲಿ ಅಂಗೈಯಗಲದ ಒಂದು ಉಂಗುರದ ಗುರುತಿದೆ. ಕಂದು ಬಣ್ಣ, ಒಂದು ಕಡೆ ಗೆರೆ ತುಂಡಾಗಿದೆ. ತಂಬಿಗೆಯ ತಳದ್ದು. ಕಳೆದ ಶನಿವಾರ, ಹುಳ ಹಿಡಿದೀತೆಂದು ಟ್ರಂಕಿನಲ್ಲಿದ್ದ ಶಾಸನದ ಪಡಿಯಚ್ಚುಗಳನ್ನು ತೆಗೆದು ಬಿಸಿಲಿಗೆ ಹರಡುತ್ತಿದ್ದಾಗ ಅದು ಕಣ್ಣಿಗೆ ಬಿತ್ತು. ಈಚಲು ಹೆಂಡದ ಹುಳಿ ವಾಸನೆ ಉಳಿದಿದೆಯೇ ಎಂದು ಹಾಳೆಯನ್ನು ಮೂಗಿನ ಹತ್ತಿರ ಹಿಡಿದೆ. ಮಸಿಯ ವಾಸನೆಯ ಹಿಂದೆ ಏನೋ ಇತ್ತು, ಅಥವಾ ಇದೆಯೆಂದು ನನಗೆ ಅನ್ನಿಸಿತು... ಉಳಿದ ಹಾಳೆಗಳನ್ನು ಬಿಚ್ಚದೆ ಹಾಗೇ ಕುಳಿತೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಎಂ.ಎ. ಮುಗಿಸಿ ಸಂಶೋಧನೆಗೆ ಸೇರಿದ್ದೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಸುತ್ತಿನ ಹಳೆಯ ಊರುಗಳ ಶಾಸನಗಳು ನನ್ನ ವಿಷಯ. ಅವುಗಳಲ್ಲಿ ಅರ್ಧದಷ್ಟು ಊರುಗಳಿಗೆ ಬಸ್ಸಿರಲಿಲ್ಲ. ಸೈಕಲ್ ಮೇಲೆ ಹೋಗುತ್ತೇನೆ ಎಂದಾಗ ಅಪ್ಪ ಬೇಡವೆನ್ನಲಿಲ್ಲ, ಒಂದೇ ಷರತ್ತು ಹಾಕಿದರು.

"ಗಾರ್ಡ್ ಜತೆಗಿದ್ರೆ ಹೋಗು. ಅವ್ರು ಬರಾಕಾಗಲ್ಲ ಅಂದ ದಿನ ನಿನ್ನ ತಿರುಗಾಟನೂ ಮುಗೀತು."

ಗಾರ್ಡ್ ಎಂದರೆ ನ್ಯಾಮತಿಯಲ್ಲಿ ನಮ್ಮ ಎದುರು ಮನೆಯವರು. ಅಬಕಾರಿ ಇಲಾಖೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾಗಿದ್ದರು. ಬೀದಿಯ ಮಕ್ಕಳೆಲ್ಲ ಅವರನ್ನು ಗಾರ್ಡ್ ಮಾವ ಎಂದೂ ಅವರ ಹೆಂಡತಿಯನ್ನು ಅತ್ತೆ ಎಂದೂ ಕರೆಯುತ್ತಿದ್ದೆವು. ಲೈಸೆನ್ಸ್ ಇಲ್ಲದೆ ಹೆಂಡ ಇಳಿಸುವವರನ್ನು, ಭಟ್ಟಿ ಹಾಕುವವರನ್ನು ಹುಡುಕುತ್ತ ಅವರು ತಮ್ಮ ಸರ್ವೀಸು ಪೂರ್ತಿ ಸೈಕಲ್ ತುಳಿದಿದ್ದರು. ಗುಡ್ಡದ ಯಾವ ಹಳ್ಳದ ದಂಡೆಯಲ್ಲಿ ಎಷ್ಟು ಈಚಲು ಮರಗಳಿವೆ ಎಂಬುದು ಅವರಿಗೆ ಬಾಯಿಪಾಠ. ನನಗೆ ಬೇಕಾದ ಶಾಸನಗಳೂ ಅವರಿಗೆ ಗೊತ್ತಿದ್ದವು. ನಿಂತ ಕಲ್ಲು ಕಂಡರೆ ಅದರ ಹಿಂದೆ ಇಣುಕುವುದು ಅವರ ಕೆಲಸವಾಗಿತ್ತಲ್ಲ.

"ಮುಂದೆ ಏನು ಬರ್ದೈತೋ ನಂಗೆ ತಿಳಿಯಲ್ಲವ್ವ," ಎನ್ನುತ್ತಿದ್ದರು. "ಹಿಂದೆ ಏನು ಬಚ್ಚಿಟ್ಟಿರ್ತಾರೆ ಅಂಬೋದು ಮಾತ್ರ ಗೊತ್ತು."

ಹಾಗೆ ಆ ವರ್ಷ ನಾವಿಬ್ಬರೂ ತಿರುಗಿದೆವು. ಅವರ ಹಳೆಯ ಕಪ್ಪು ಸೈಕಲ್ ಮುಂದೆ, ನನ್ನ ಲೇಡೀಸ್ ಸೈಕಲ್ ಹಿಂದೆ. ನನ್ನ ಕ್ಯಾರಿಯರ್‌ಗೆ ಕಾಗದದ ಸುರುಳಿ, ಅವರದಕ್ಕೆ ಮಸಿ ಡಬ್ಬಿ, ಬ್ರಷ್ಷು, ನೀರಿನ ಕ್ಯಾನು. ತ್ಯಾವಣಿಗೆ, ಕತ್ತಲಗೆರೆಯಂಥ ದೂರದ ಊರುಗಳಿಗೆ ಬಸ್ಸಿನ ಟಾಪ್ ಮೇಲೆ ಸೈಕಲ್ ಹಾಕಿಸಿಕೊಂಡು ಹೋಗುತ್ತಿದ್ದೆವು. ಅಲ್ಲಿ ನೀರಾವರಿ ಚಾನೆಲ್ ಪಕ್ಕದ ಮಟ್ಟಸ ದಾರಿ, ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ಸವಳಂಗದ ಕಡೆಯ ಏರುಗಳಲ್ಲಿ.

ಊರೊಳಗೆ ಹೋಗುತ್ತಿದ್ದಂತೆ ಗಲಿಬಿಲಿ. ಅವರ ಖಾಕಿ ಪ್ಯಾಂಟು ಕಂಡೊಡನೆ ಯಾರಾದರೂ "ಅಬಕಾರಿ ಬಂತ್ರೋ!" ಎಂದು ಕೂಗುತ್ತಿದ್ದರು. ಹಿತ್ತಲುಗಳಲ್ಲಿ ಗಡಿಗೆಗಳ ಸದ್ದು.

"ಏ, ರಿಟೈರ್ಡ್ ಆಗೀನಿ ಕಣ್ರಪ್ಪ! ಕಲ್ಲು ಓದಾಕೆ ಬಂದೀವಿ."

"ನಿಮ್ ಮಾತು ಹೆಂಗೆ ನಂಬೋದ್ರೀ? ಈಗ ಹೆಣ್ಮಗಳನ್ನೂ ಇಲಾಖೆಗೆ ಸೇರ್ಸೀರೇನು?"

ಅವರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ, ಕಾಗದ ನೆನೆಸಲು ನೀರು ಕೇಳುತ್ತಿದ್ದೆ. ಕಲ್ಲು ತೊಳೆದು, ಒದ್ದೆ ಕಾಗದ ಹಚ್ಚಿ, ಅಕ್ಷರದ ಕುಳಿಗಳಿಗೆ ಕಾಗದ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಅರ್ಧ ಒಣಗಿದ ಮೇಲೆ ಮಸಿ ಒತ್ತಬೇಕು. ಗಾಳಿ ಬಂದರೆ ಎಲ್ಲ ಕೆಡುತ್ತದೆ. ಅವರು ಟವೆಲ್ ಹಿಡಿದು ಗಾಳಿಗೆ ಅಡ್ಡ ನಿಲ್ಲುತ್ತಿದ್ದರು, ಗಂಟೆಗಟ್ಟಲೆ.

ಮಾಘದ ಹೊತ್ತಿಗೆ ಅವರ ಸೈಕಲ್ಲಿನ ಚೈನು ಬೀಳತೊಡಗಿತು. ಏರು ಅರ್ಧ ಮುಗಿದಾಗ ಅವರು ಇಳಿದುಬಿಡುತ್ತಿದ್ದರು. "ಚೈನು ಬಿತ್ತು ಕಣವ್ವ. ನೀನು ನಡಿ, ಬಂದೆ." ನಾನು ನಿಲ್ಲುತ್ತಿದ್ದೆ. ಅವರು ನನಗೆ ಬೆನ್ನು ಮಾಡಿ ಪೆಡಲ್ ಹತ್ತಿರ ಕುಕ್ಕರುಗಾಲಲ್ಲಿ ಕುಳಿತಿರುತ್ತಿದ್ದರು. ಐದು ನಿಮಿಷ, ಹತ್ತು ನಿಮಿಷ. ಆಮೇಲೆ ಎದ್ದು ಬರುತ್ತಿದ್ದರು.

ಅವರ ಕೈ ನೋಡಿದ್ದು ಮೂರನೆಯ ಸಲ ಚೈನು ಬಿದ್ದಾಗ ಎಂದು ಕಾಣುತ್ತದೆ. ನೀರು ಕೇಳಿದರು, ಕ್ಯಾನು ಬಗ್ಗಿಸಿದೆ. ಎರಡೂ ಅಂಗೈಗಳು ಸ್ವಚ್ಛವಾಗಿದ್ದವು. ಚೈನು ಏರಿಸಿದ ಕೈಗೆ ಗ್ರೀಸು ಹತ್ತದೆ ಇರುವುದಿಲ್ಲ. ಬೆರಳ ತುದಿಯಲ್ಲಿ ಕೂಡ ಒಂದು ಕಪ್ಪು ಗೆರೆ ಇರಲಿಲ್ಲ. ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು, ಏದುಸಿರು ಇನ್ನೂ ಇಳಿದಿರಲಿಲ್ಲ.

ಕ್ಯಾನಿನ ಮುಚ್ಚಳ ಹಾಕಿ ಮತ್ತೆ ಅವರ ಕ್ಯಾರಿಯರ್‌ಗೆ ಕಟ್ಟಿದೆ.

ಆ ಸಂಜೆ ತಡವಾಗಿದ್ದಕ್ಕೆ ಅಪ್ಪ ಕಾರಣ ಕೇಳಿದರು. "ಗಾರ್ಡ್ ಮಾವನ ಸೈಕಲ್ ಚೈನು ಬೀಳ್ತಿತ್ತು," ಎಂದೆ. ಅಪ್ಪನದು ಒಳ್ಳೆಯ ಮನಸ್ಸು. ಮಗಳಿಗಾಗಿ ಅಲೆಯುತ್ತಿರುವ ಮನುಷ್ಯನಿಗೆ ಇಷ್ಟಾದರೂ ಮಾಡಬೇಡವೇ ಎಂದು ಮಾರನೆಯ ದಿನವೇ ಅವರ ಸೈಕಲ್ಲನ್ನು ಶಾಪಿಗೆ ಕಳಿಸಿ ಹೊಸ ಚೈನು ಹಾಕಿಸಿಬಿಟ್ಟರು. ಅತ್ತೆ ಅಪ್ಪನನ್ನು ಹೊಗಳಿದ್ದೇ ಹೊಗಳಿದ್ದು. ಮಾವ ಜಗಲಿಯ ಮೇಲೆ ಕುಳಿತು ಹೊಳೆಯುವ ಚೈನನ್ನೇ ನೋಡುತ್ತಿದ್ದರು.

ಮುಂದಿನ ವಾರ ಅದೇ ಏರಿನಲ್ಲಿ ಹೊಸ ಚೈನೂ ಬಿತ್ತು.

ಅವರು ಇಳಿದರು. ನಾನೂ ಇಳಿದೆ. ಒಂದು ಕ್ಷಣ ನಮ್ಮ ಕಣ್ಣುಗಳು ಸೇರಿದವು. "ಈಗಿನ ಮಾಲು ನೋಡವ್ವ, ಬರೇ ಬೋಗಸ್ಸು," ಎಂದರು. ನಾನು "ಹೌದು ಮಾವ" ಎಂದೆ. ಸ್ವಲ್ಪ ಹೊತ್ತಿನ ಮೇಲೆ, ರಸ್ತೆಯ ಕಡೆ ನೋಡುತ್ತ, "ಮನೇಲಿ ಹೇಳಾಕೆ ಹೋಗಬ್ಯಾಡ. ನಿಮ್ಮತ್ತೆ ಸೈಕಲ್‌ಗೆ ಬೀಗ ಹಾಕಿ ಇಟ್ಕಂತಾಳೆ. ಆ ಜಗಲಿ ಮ್ಯಾಲೆ ಕುಂತು ಕುಂತು ಸಾಕಾಗೈತೆ," ಎಂದರು.

ಅವರಿಗೂ ಈ ತಿರುಗಾಟ ಬೇಕಿತ್ತು. ಇದು ನಿಜ. ಆದರೆ ಈ ನಿಜವನ್ನು ನಾನು ಅಗತ್ಯಕ್ಕಿಂತ ಹೆಚ್ಚು ಬಳಸಿಕೊಂಡಿದ್ದೇನೆ. ಅವರ ಉಸಿರಿನ ವಿಷಯ ನಾನು ಬಾಯಿಬಿಟ್ಟಿದ್ದರೆ ನನ್ನ ತಿರುಗಾಟ ಅಂದೇ ನಿಲ್ಲುತ್ತಿತ್ತು. ಇನ್ನೊಂದು ಶಾಸನ ಬಾಕಿಯಿತ್ತು. ಅದಿಲ್ಲದೆ ಮೂರನೆಯ ಅಧ್ಯಾಯ ನಿಲ್ಲುವುದಿಲ್ಲ ಎಂದು ನನ್ನ ಗೈಡ್ ಬರೆದಿದ್ದರು.

ಆ ಊರು ಸವಳಂಗದಿಂದ ಒಳಗೆ, ಗುಡ್ಡದ ಮೇಲಿತ್ತು. ಹೆಸರು ಇಲ್ಲಿ ಬೇಡ. ಹಳೆಯ ಕೋಟೆಯ ಗೋಡೆ, ಬಾಗಿಲಿಲ್ಲದ ಗುಡಿ, ಇಳಿಜಾರಿನ ತುಂಬ ಈಚಲು ಮರ. ಆ ದಿನ ಚೈನು ನಾಲ್ಕು ಸಲ ಬಿತ್ತು. ಕೊನೆಯ ಏರನ್ನು ಇಬ್ಬರೂ ಸೈಕಲ್ ತಳ್ಳಿಕೊಂಡೇ ಹತ್ತಿದೆವು. ಮೇಲೆ ತಲುಪಿದಾಗ ಮಾವ ಗುಡಿಯ ಕಟ್ಟೆಯ ಮೇಲೆ ಕುಳಿತು, ಕಲ್ಲು ಎಲ್ಲಿದೆ ಎಂಬುದನ್ನು ಬೆರಳಿನಿಂದ ತೋರಿಸಿದರು.

ಎದುರಿನ ಗುಡಿಸಲಿನಿಂದ ಒಬ್ಬ ಹೆಂಗಸು ಹಿತ್ತಾಳೆ ತಂಬಿಗೆ ಹಿಡಿದು ಬಂದಳು. ಅವಳ ಗಂಡನ ಗಡಿಗೆಗಳನ್ನು ಇವರು ಎಷ್ಟು ಸಲ ಒಡೆದಿದ್ದರೋ.

"ಕುಡೀರಿ ಸಾಹೇಬ್ರೇ. ಬೆಳಗ್ಗೆ ಇಳಿಸಿದ್ದು, ತಂಪೈತೆ. ಈಗ ಕೇಸು ಬರೆಯಾಕೆ ಯಾರದಾರೆ?"

ಮಾವ ಉಸಿರು ತಂದುಕೊಂಡರು. "ನಾನು ನೆಲಕ್ಕೆ ಹೊಯ್ದ ಹೆಂಡ ಒಂದು ಕೆರೆ ಆದೀತು. ಇವತ್ತಿನ ತಂಕ ಒಂದು ಹನಿ ನಾಲಿಗೆಗೆ ತಾಗ್ಸಿಲ್ಲ ಕಣಮ್ಮ."

"ಅದಕ್ಕೇ ಹಿಂಗಾಗೀರಿ," ಎಂದಳು. ಮಾವ ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅವಳು ಅವರ ಬೆನ್ನು ನೀವುತ್ತ ನನ್ನ ಕಡೆ ತಿರುಗಿದಳು. "ಏನವ್ವ, ಓದ್ದೋಳು ನೀನು. ಈ ಮನುಷ್ಯನ್ನ ಇಂಥಾ ಗುಡ್ಡ ಹತ್ತಿಸ್ಕಂಡು ಬಂದೀಯಲ್ಲ, ನಿಂಗೆ ಕಣ್ಣು ಕಾಣಲ್ವೇನು?"

"ಅವರೇ ಬರ್ತೀನಿ ಅಂದ್ರು," ಎಂದೆ.

ಅವಳು ನನ್ನನ್ನು ಒಂದು ಗಳಿಗೆ ನೋಡಿ, ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಹೋದಳು. ನಾನು ಕಲ್ಲು ತೊಳೆದು ಕಾಗದ ಹಚ್ಚಿದೆ. ಗಾಳಿಗೆ ಅಡ್ಡ ನಿಲ್ಲಲು ಅಂದು ಯಾರೂ ಇರಲಿಲ್ಲ. ನನ್ನ ಬೆನ್ನನ್ನೇ ಅಡ್ಡ ಮಾಡಿಕೊಂಡೆ. ಅಚ್ಚು ತೆಗೆದು ಒಣಗಲು ಕಟ್ಟೆಯ ಮೇಲೆ ಹಾಸಿದಾಗ ಒಂದು ಮೂಲೆ ಗಾಳಿಗೆ ಎದ್ದಿತು. ಮಾವ ಕುಳಿತಲ್ಲಿಂದಲೇ ಕೈಚಾಚಿ ಆ ತುಂಬಿದ ತಂಬಿಗೆಯನ್ನು ಅದರ ಮೇಲಿಟ್ಟರು.

"ನೋಡು, ಕೊನೆಗೂ ಸರ್ಕಾರಿ ಕೆಲ್ಸಕ್ಕೆ ಬಂತು," ಎಂದರು.

ಇಳಿಜಾರಿನಲ್ಲಿ ಯಾವಾಗಲೂ ಅವರೇ ಮುಂದಿರುತ್ತಿದ್ದರು. ಅಂದು ನನ್ನನ್ನು ಮುಂದೆ ಬಿಟ್ಟರು. ನಾನು ಎರಡು ಸಲ ಮಾತ್ರ ತಿರುಗಿ ನೋಡಿದೆ...

ಪ್ರಬಂಧ ಬರೆಯಲು ನಾನು ಹಾಸ್ಟೆಲಿಗೆ ಹೊರಟೆ. ಮೂರನೆಯ ಅಧ್ಯಾಯ ಟೈಪಾಗುತ್ತಿದ್ದಾಗ ಅಪ್ಪನ ಕಾಗದ ಬಂತು. ಅಕ್ಕನ ಸೀಮಂತದ ಸುದ್ದಿಯ ಕೆಳಗೆ ಮೂರು ಸಾಲು: "ಎದುರುಮನೆ ಗಾರ್ಡ್ ಹೋದ ಸೋಮವಾರ ತೀರಿಕೊಂಡರು. ಹೃದಯ ಮೊದಲಿನಿಂದಲೂ ದುರ್ಬಲ ಇತ್ತೆಂದು ಡಾಕ್ಟರು ಹೇಳಿದರು. ಪಾಪ, ಯಾರಿಗೂ ಗೊತ್ತೇ ಇರಲಿಲ್ಲ."

ಆ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ ನೆನಪಿಲ್ಲ. ಊರಿಗೆ ಹೋಗಲಿಲ್ಲ, ಟೈಪಿಸ್ಟು ಕಾಯುತ್ತಿದ್ದಾರೆ ಎಂದುಕೊಂಡೆ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಗೈಡ್, ಗ್ರಂಥಾಲಯದವರು, ಟೈಪಿಸ್ಟು, ಅಪ್ಪ, ಎಲ್ಲರೂ ಇದ್ದಾರೆ. ಅವರಿಲ್ಲ. ಮರೆತದ್ದಲ್ಲ. ಬರೆದರೆ ಎಲ್ಲವನ್ನೂ ಬರೆಯಬೇಕಾಗುತ್ತದೆ ಎಂಬ ಹೆದರಿಕೆ.

ಆಮೇಲೆ ನ್ಯಾಮತಿಗೆ ಹೋದಾಗಲೆಲ್ಲ ಅತ್ತೆ ಜಗಲಿಯಿಂದಲೇ ಕೂಗಿ ಕರೆಯುತ್ತಾರೆ. ಅವರದು ಒಂದೇ ಮಾತು: "ಒಂದು ದಿನ ಸುಸ್ತು ಅಂದೋರಲ್ಲ ಕಣೇ. ಅಂದಿದ್ರೆ ನಾನು ಬಿಡ್ತಿದ್ನಾ?" ಪ್ರತಿ ಸಲವೂ ನಾನು ತಲೆಯಾಡಿಸಿ ಕಾಫಿ ಕುಡಿದು ಎದ್ದು ಬಂದಿದ್ದೇನೆ. ಇಷ್ಟು ವರ್ಷ ಇದನ್ನು ಹೊತ್ತು ತಿರುಗಿ ನಿಜವಾಗಿ ದಣಿದಿದ್ದೇನೆ. ಏರಿನ ನಡುವೆ ಬೆನ್ನು ತಿರುಗಿಸಿ ಕುಳಿತವರ ದಣಿವು ಎಂಥದ್ದಿತ್ತು ಎಂಬುದು ಈಗ ಸ್ವಲ್ಪ ತಿಳಿಯುತ್ತದೆ. ಅವರು ಮಾತ್ರ ಇಲ್ಲ.

ಶನಿವಾರ ಬಿಸಿಲು ಇಳಿಯುವ ಮೊದಲು ಹಾಳೆಗಳನ್ನೆಲ್ಲ ಮಡಿಸಿ ಟ್ರಂಕಿಗೆ ಹಾಕಿದೆ, ಒಂದನ್ನು ಬಿಟ್ಟು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನ್ಯಾಮತಿಗೆ ಹೋದೆ. ನಮ್ಮ ಮನೆಗೆ ಹೋಗದೆ ನೇರವಾಗಿ ಎದುರುಮನೆಯ ಮೆಟ್ಟಿಲು ಹತ್ತಿದೆ. ಅತ್ತೆ ಕಾಫಿಗೆ ನೀರಿಡಲು ಒಳಗೆ ಹೊರಟಿದ್ದರು. ಕೈ ಹಿಡಿದು ಕೂರಿಸಿಕೊಂಡು, ಆ ಹಾಳೆಯನ್ನು ಅವರ ಮಡಿಲ ಮೇಲಿಟ್ಟು ಹೇಳಿದೆ:

"ಅತ್ತೆ, ಮಾವನ ಸೈಕಲ್ ಚೈನು ಒಂದು ದಿನವೂ ಬಿದ್ದಿರಲಿಲ್ಲ. ನಂಗೆ ಗೊತ್ತಿತ್ತು."